ಕೆಲ್ಟ್ ಜನರಿಗೂ ಮ್ಯೂಸಿಯಮ್ಮಿನ ‘ಸೆಲ್ಟ್’ ಕೊಡಲಿಗೂ ಏನು ಸಂಬಂಧ?

ನೀವು ಕೇಳಿದ್ದು ಇಷ್ಟು: ಮ್ಯೂಸಿಯಮ್ಮಿನಲ್ಲಿ ಹೊಸ ಶಿಲಾಯುಗದ ಕಲ್ಲಿನ ಕೊಡಲಿಯ ಮುಂದೆ ‘ಸೆಲ್ಟ್’ ಎಂದು ಚೀಟಿ ಇತ್ತು, ಅದಕ್ಕೂ ಐರ್ಲೆಂಡಿನ ಕೆಲ್ಟ್ ಜನರಿಗೂ ಸಂಬಂಧ ಇದೆಯಾ, ಆ ಹೆಸರಿನ ಅರ್ಥವೇನು ಅಂತ.

ಸಂಬಂಧ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗ್, ಅಷ್ಟೇ. ಆದರೆ ಎರಡು ಪದಗಳ ಹಿಂದೆಯೂ ಒಳ್ಳೆಯ ಕತೆ ಇದೆ. ನನಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜನರ ಹೆಸರು. ಇದು ಗ್ರೀಕರ ಬರಹದಲ್ಲಿ ‘ಕೆಲ್ಟೋಯ್’ ಎಂದು ಕಾಣಿಸಿಕೊಳ್ಳುತ್ತದೆ. ಕ್ರಿ.ಪೂ. 500ರ ಸುಮಾರಿನ ಗ್ರೀಕ್ ಲೇಖಕ ಹೆಕಟೇಯಸ್, ಮಸಾಲಿಯಾ ಊರು, ಅಂದರೆ ಈಗಿನ ಫ್ರಾನ್ಸಿನ ಮಾರ್ಸೇ, ಕೆಲ್ಟರ ನಾಡಿನ ಹತ್ತಿರ ಇದೆ ಎನ್ನುತ್ತಾನೆ. ಆಮೇಲೆ ಬಂದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಡ್ಯಾನ್ಯೂಬ್ ನದಿ ಹುಟ್ಟುವುದೇ ಕೆಲ್ಟರ ನಾಡಿನಲ್ಲಿ ಎನ್ನುತ್ತಾನೆ. ಹೆಸರಿನ ಅರ್ಥವನ್ನು ಇಬ್ಬರೂ ಹೇಳಿಲ್ಲ.

ಈ ಹೆಸರನ್ನು ಗ್ರೀಕರೇ ಇಟ್ಟರು ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ರೋಮನ್ ಸೇನಾಪತಿ ಜೂಲಿಯಸ್ ಸೀಸರ್, ಗಾಲ್ ಅಂದರೆ ಈಗಿನ ಫ್ರಾನ್ಸಿನ ಸುತ್ತಮುತ್ತಲ ನಾಡಿನ ಯುದ್ಧದ ಬಗ್ಗೆ ಬರೆದ ಪುಸ್ತಕದ ಶುರುವಿನಲ್ಲೇ ಹೇಳುತ್ತಾನೆ: ಈ ನಾಡಿನ ಒಂದು ಭಾಗದ ಜನ ತಮ್ಮ ಭಾಷೆಯಲ್ಲಿ ತಮ್ಮನ್ನು ‘ಕೆಲ್ಟೇ’ ಎಂದುಕೊಳ್ಳುತ್ತಾರೆ, ನಮ್ಮ ಭಾಷೆಯಲ್ಲಿ ಅವರು ‘ಗಾಲಿ’. ಅವನು ಆ ಜನರ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿದವನು. ಇನ್ನೊಂದು ಸುಳಿವೂ ಅವನಲ್ಲೇ ಸಿಗುತ್ತದೆ. ಅವನ ವಿರುದ್ಧ ದಂಗೆ ಎದ್ದ ವೆರ್ಸಿಂಜೆಟೋರಿಕ್ಸ್‌ನ ಅಪ್ಪನ ಹೆಸರು ಕೆಲ್ಟಿಲ್ಲಸ್. ಮನೆಮಗನಿಗೆ ಇಡುವ ಹೆಸರಲ್ಲೇ ಆ ಪದ ಇದೆ ಅಂದಮೇಲೆ ಅದು ಅವರದ್ದೇ ಆಗಿರಬೇಕು, ಅಲ್ವಾ?

ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಮುಖ್ಯವಾಗಿ ಮೂರು ಮಾತಿವೆ. ‘ಎತ್ತರ’ ಎಂಬ ಧಾತುವಿನಿಂದ ಬಂತು ಎಂಬುದು ಒಂದು, ‘ಹೊಡೆ’ ಎಂಬುದರಿಂದ ಎಂಬುದು ಇನ್ನೊಂದು. ಮೂರನೆಯದು ‘ಬಚ್ಚಿಡು’. ತಾವೆಲ್ಲ ಪಾತಾಳದ ದೇವರ ಸಂತಾನ ಎಂದು ಗಾಲ್ ಜನ ಹೇಳಿಕೊಳ್ಳುತ್ತಿದ್ದರು ಎಂದು ಸೀಸರ್ ಬರೆದಿದ್ದಾನೆ. ಹಾಗಾದರೆ ‘ಮರೆಯಲ್ಲಿರುವವನ ಮಕ್ಕಳು’ ಎಂಬ ಅರ್ಥ ಹೊಂದುತ್ತದೆ. ಮೂರರಲ್ಲಿ ಯಾವುದೂ ಸಾಬೀತಾಗಿಲ್ಲ.

ಗ್ರೀಕರು ಇವರನ್ನೇ ‘ಗಲಾಟಾಯ್’ ಎಂದೂ ಕರೆದರು. ಕ್ರಿ.ಪೂ. ಮೂರನೇ ಶತಮಾನದಲ್ಲಿ ಇವರ ಒಂದು ಗುಂಪು ಈಗಿನ ಟರ್ಕಿಗೆ ಹೋಗಿ ಅಂಕಾರಾ ಸುತ್ತಮುತ್ತ ನೆಲೆಸಿತು. ಬೈಬಲ್ಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರ ಇದೆಯಲ್ಲ, ಆ ಗಲಾತ್ಯ ಎಂಬ ಹೆಸರು ಬಂದದ್ದು ಇವರಿಂದಲೇ.

ಹಾಗಾದರೆ ಐರ್ಲೆಂಡ್? ಇಲ್ಲೇ ಜಾಸ್ತಿ ಜನ ತಪ್ಪು ತಿಳಿಯುವುದು. ಹಳೆಯ ಗ್ರೀಕರಾಗಲಿ ರೋಮನರಾಗಲಿ ಐರ್ಲೆಂಡ್, ಬ್ರಿಟನ್ನಿನ ಜನರನ್ನು ಕೆಲ್ಟರು ಎಂದು ಕರೆದಿಲ್ಲ. ಆ ಹೆಸರು ಅಲ್ಲಿಗೆ ಬಂದದ್ದು ಭಾಷೆಯ ದಾರಿಯಲ್ಲಿ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮನ್ನು ನೋಡಿಕೊಳ್ಳುತ್ತಿದ್ದ ವೇಲ್ಸ್ ಮೂಲದ ಎಡ್ವರ್ಡ್ ಲ್ಹೂಯಿಡ್ 1707ರಲ್ಲಿ ಒಂದು ದೊಡ್ಡ ಗ್ರಂಥ ತಂದ. ವೆಲ್ಷ್, ಕಾರ್ನಿಷ್, ಬ್ರೆಟನ್, ಐರಿಷ್ ಪದಗಳನ್ನು ಅಕ್ಕಪಕ್ಕ ಇಟ್ಟು ಇವೆಲ್ಲ ಒಂದೇ ಬಳಗ ಎಂದು ತೋರಿಸಿದ. ಮಗನಿಗೆ ಐರಿಷಿನಲ್ಲಿ ‘ಮ್ಯಾಕ್’, ವೆಲ್ಷಿನಲ್ಲಿ ‘ಮಾಬ್’. ತಲೆಗೆ ಅಲ್ಲಿ ‘ಕ್ಯಾನ್’, ಇಲ್ಲಿ ‘ಪೆನ್’. ನಾಲ್ಕಕ್ಕೆ ಅಲ್ಲಿ ‘ಕ್ಯಾಹರ್’, ಇಲ್ಲಿ ‘ಪೆಡ್ವಾರ್’. ಅಲ್ಲಿ ಕಕಾರ ಇದ್ದಲ್ಲಿ ಇಲ್ಲಿ ಪಕಾರ, ಬಕಾರ. ‘ಪಾಲ್’ ಹಾಲಾದದ್ದನ್ನು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಈ ಬಳಗಕ್ಕೆ ‘ಕೆಲ್ಟಿಕ್’ ಎಂಬ ಹೆಸರು ಬಂತು. ಮುಂದೆ ಭಾಷಾಬಳಗದ ಹೆಸರೇ ಜನರ ಹೆಸರೂ ಆಯಿತು. ಭಾಷಾವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲಿ ‘ದ್ರಾವಿಡ’ ಎಂಬ ಹಳೆಯ ಪದವನ್ನು ನಮ್ಮ ಭಾಷಾಕುಟುಂಬಕ್ಕೆ ಇಟ್ಟಮೇಲೆ ಇಲ್ಲೂ ಹಾಗೇ ಆಯಿತಲ್ಲ. ಇದು ಭಾಷೆಯ ದಾರಿಯಲ್ಲಿ ಬಂದ ಹೆಸರು, ವಂಶದ್ದಲ್ಲ. ಅದಕ್ಕೇ ‘ಕೆಲ್ಟ್ ರಕ್ತ’ ಎಂಬ ಮಾತು ಕೇಳಿದರೆ ನನಗೆ ಕಸಿವಿಸಿಯಾಗುತ್ತದೆ.

ಉಚ್ಚಾರಣೆ: ಗ್ರೀಕ್, ಹಳೆಯ ಲ್ಯಾಟಿನ್ ಎರಡರಲ್ಲೂ ‘ಕ’. ಫ್ರೆಂಚಿನಲ್ಲಿ ಅದು ‘ಸ’ ಆಯಿತು, ಇಂಗ್ಲಿಷಿನವರೂ ಅದನ್ನೇ ಹಿಡಿದರು, ಆಮೇಲೆ ‘ಕ’ಗೆ ಮರಳಿದರು. ಗ್ಲಾಸ್ಗೋದ ಫುಟ್‌ಬಾಲ್ ಕ್ಲಬ್ ಸೆಲ್ಟಿಕ್, ಬಾಸ್ಟನ್ ಸೆಲ್ಟಿಕ್ಸ್ ಮಾತ್ರ ‘ಸ’ ಉಳಿಸಿಕೊಂಡಿವೆ.

ಇನ್ನು ನಿಮ್ಮ ಕೊಡಲಿ. ಬೈಬಲ್ಲಿನ ಯೋಬನ ಪುಸ್ತಕ, 19ನೇ ಅಧ್ಯಾಯ, 24ನೇ ವಚನ. ತನ್ನ ಮಾತುಗಳನ್ನು ಬಂಡೆಯಲ್ಲಿ ಕೆತ್ತಬೇಕು ಎಂದು ಯೋಬ ಹಂಬಲಿಸುತ್ತಾನೆ. ಲ್ಯಾಟಿನ್ ಅನುವಾದದ ಕೆಲವು ಪ್ರತಿಗಳಲ್ಲಿ ಅಲ್ಲಿ ‘ಕೆರ್ಟೆ’ ಎಂದಿದೆ, ಅಂದರೆ ‘ಖಂಡಿತವಾಗಿ’. ಬೇರೆ ಪ್ರತಿಗಳಲ್ಲಿ ‘ಕೆಲ್ಟೆ’. ‘ರ್’ ಇದ್ದ ಜಾಗದಲ್ಲಿ ‘ಲ್’, ಅಷ್ಟೇ ವ್ಯತ್ಯಾಸ. ಬಹುಶಃ ಪ್ರತಿ ಮಾಡಿದವನ ಕೈತಪ್ಪು. ಆದರೆ ಓದಿದವರು, ಕೆತ್ತುವ ಮಾತು ತಾನೇ, ಇದು ಉಳಿಯ ಹೆಸರಿರಬೇಕು ಅಂದುಕೊಂಡರು. 18ನೇ ಶತಮಾನದ ಪ್ರಾಚ್ಯವಸ್ತು ಪ್ರಿಯರು ಆ ಪದವನ್ನು ಹಳೆಯ ಕಲ್ಲಿನ, ಕಂಚಿನ ಕೊಡಲಿಗಳಿಗೆ ಬಳಸಿದರು. ಬ್ರಿಟಿಷರ ಜೊತೆ ಅದು ಇಲ್ಲಿಗೂ ಬಂತು.

ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಇಂಥ ಕೊಡಲಿಗಳನ್ನು ರಾಶಿರಾಶಿ ಮಾಡುತ್ತಿದ್ದರು. ಕಪ್ಪು ಡೋಲರೈಟ್ ಕಲ್ಲನ್ನು ಚಕ್ಕೆ ಎಬ್ಬಿಸಿ ರೂಪಕ್ಕೆ ತಂದು, ಬಂಡೆಯ ಮೇಲೆ ಉಜ್ಜಿ ಬಾಯಿ ಹರಿತ ಮಾಡುವುದು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳು ಇವತ್ತಿಗೂ ಕಾಣುತ್ತವೆ. ಹೆಕಟೇಯಸ್ ‘ಕೆಲ್ಟೋಯ್’ ಎಂದು ಬರೆಯುವುದಕ್ಕೆ ನೂರಾರು ವರ್ಷ ಮುಂಚೆಯೇ ಆ ಕೆಲಸ ಮುಗಿದಿತ್ತು.

ಕನ್ನಡದಲ್ಲಿ ಬರೆಯುವಾಗ ಜನರಿಗೆ ‘ಕೆಲ್ಟ್’ ಎನ್ನಿ. ಆ ವಸ್ತುವಿಗೆ ‘ಕಲ್ಗೊಡಲಿ’ ಎಂಬ ನಮ್ಮ ಪದವೇ ಸಾಕು, ನೋಡಿದವರಿಗೆ ತಕ್ಷಣ ತಿಳಿಯುತ್ತದೆ.