ಗಡ್ಡೆ ಪ್ಯಾಂಕ್ರಿಯಾಸ್‌ನಲ್ಲಿ, ಗುಲ್ಮ ಯಾಕೆ ತೆಗೆಯಬೇಕು?

ಪ್ರಶ್ನೆ: ನನ್ನ ತಂಗಿಗೆ 28 ವರ್ಷ. ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಬಾಲದಲ್ಲಿ 4 ಸೆಂ.ಮೀ. ಗಡ್ಡೆ ಇದೆ. ಬಯಾಪ್ಸಿಯಲ್ಲಿ ‘ಸಾಲಿಡ್ ಸ್ಯೂಡೋಪ್ಯಾಪಿಲರಿ’ ಎಂದು ಬಂದಿದೆ. ಒಬ್ಬ ಸರ್ಜನ್ ಗುಲ್ಮವನ್ನೂ ತೆಗೆಯಬೇಕು ಅಂತಾರೆ, ಇನ್ನೊಬ್ಬರು ಲ್ಯಾಪರೋಸ್ಕೋಪಿಯಲ್ಲಿ ಉಳಿಸಬಹುದು ಅಂತಾರೆ. ಗುಲ್ಮವಿಲ್ಲದೆಯೂ ಬದುಕಬಹುದಂತೆ. ಹಾಗಿದ್ದರೆ ಉಳಿಸಲು ಒದ್ದಾಡುವುದೇಕೆ?

ಉತ್ತರ: ಬದುಕಬಹುದು, ನಿಜ. ಆದರೆ ಗುಲ್ಮ ಇಲ್ಲದವರಿಗೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ತಗುಲಿದರೆ ಬೆಳಿಗ್ಗೆ ಬಂದ ಜ್ವರ ರಾತ್ರಿಯೊಳಗೆ ಪ್ರಾಣಕ್ಕೆ ಕುತ್ತಾಗಬಹುದು. ಅಪರೂಪವೇ, ಆದರೆ ಆ ಅಪಾಯ ಜೀವನಪೂರ್ತಿ ಜೊತೆಗಿರುತ್ತದೆ. ನಿಮ್ಮ ತಂಗಿಗೆ ಇನ್ನೂ 28.

ಗುಲ್ಮದಲ್ಲೇನೂ ದೋಷವಿಲ್ಲ, ಕಷ್ಟವೆಲ್ಲ ರಕ್ತನಾಳಗಳದ್ದು. ಗುಲ್ಮದ ಅಪಧಮನಿ ಗ್ರಂಥಿಯ ಮೇಲಂಚಿನಲ್ಲಿ ಹಾವಿನಂತೆ ಡೊಂಕುಡೊಂಕಾಗಿ ಸಾಗುತ್ತದೆ. ಅಭಿಧಮನಿ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಿರುತ್ತದೆ. ಈ ನಾಳಗಳಿಗೂ ಗ್ರಂಥಿಗೂ ನಡುವೆ ಎಳೆಯಷ್ಟು ಸಣ್ಣ ಕವಲುಗಳು. ಅವನ್ನು ಒಂದೊಂದಾಗಿ ಬಿಡಿಸಿ, ಮುಚ್ಚಿ, ಕತ್ತರಿಸಬೇಕು. ಒಂದು ಹರಿದರೂ ಪರದೆಯೆಲ್ಲ ಕೆಂಪು. ಕ್ಯಾಮೆರಾ ಎಲ್ಲವನ್ನೂ ಹಿಗ್ಗಿಸಿ ತೋರಿಸುವುದರಿಂದ ಈ ನಾಜೂಕಿನ ಕೆಲಸಕ್ಕೆ ಲ್ಯಾಪರೋಸ್ಕೋಪಿ, ರೋಬೋಟಿಕ್ ಎರಡೂ ಒಗ್ಗುತ್ತವೆ. ಹೀಗೆ ನಾಳಗಳನ್ನೂ ಗುಲ್ಮವನ್ನೂ ಉಳಿಸುವುದನ್ನು ಕಿಮುರಾ ವಿಧಾನ ಅನ್ನುತ್ತೇವೆ.

ನಾಳಗಳು ಗಡ್ಡೆಗೆ ಅಂಟಿದ್ದರೆ 1988ರಲ್ಲಿ ವಾರ್ಷಾ ಎಂಬ ಸರ್ಜನ್ ವಿವರಿಸಿದ ದಾರಿಯಿದೆ: ಅವನ್ನೂ ಕತ್ತರಿಸಿ, ಜಠರದ ಕಡೆಯಿಂದ ಬರುವ ಪುಟ್ಟ ನಾಳಗಳ ಮೇಲೆ ಗುಲ್ಮವನ್ನು ಬಿಡುವುದು. ಆಗ ಗುಲ್ಮದ ಒಂದು ಭಾಗ ಸಾಯಬಹುದು, ಕೆಲವರಿಗೆ ಜಠರದ ರಕ್ತನಾಳಗಳು ಉಬ್ಬಬಹುದು. ಆದ್ದರಿಂದ ಸಾಧ್ಯವಾದಲ್ಲೆಲ್ಲ ನನ್ನ ಒಲವು ಕಿಮುರಾ ಕಡೆಗೇ.

ಸಾಮಾನ್ಯ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗಿದ್ದರೆ ನಾನೂ ಗುಲ್ಮ ತೆಗೆಯಿರಿ ಅನ್ನುತ್ತಿದ್ದೆ, ಯಾಕೆಂದರೆ ಗುಲ್ಮದ ಬುಡದ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಬಿಡುವಂತಿಲ್ಲ. ನಿಮ್ಮ ತಂಗಿಯ ಗಡ್ಡೆ ಆ ಜಾತಿಯದಲ್ಲ. ನಿಧಾನವಾಗಿ ಬೆಳೆಯುವಂಥದ್ದು, ಪೂರ್ತಿ ತೆಗೆದರೆ ಬಹುಪಾಲು ಜನರಲ್ಲಿ ಮರುಕಳಿಸುವುದಿಲ್ಲ. ಸಿ.ಟಿ.ಯಲ್ಲಿ ನಾಳಗಳಿಗೂ ಗಡ್ಡೆಗೂ ನಡುವೆ ಅಂತರ ಕಾಣುತ್ತದೆಯೇ ಎಂದು ಇಬ್ಬರು ಸರ್ಜನ್‌ಗಳನ್ನೂ ಕೇಳಿ. ಭಿನ್ನಾಭಿಪ್ರಾಯ ಬಹುಶಃ ಅಲ್ಲೇ ಇದೆ. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದೂ ಕೇಳಿ, ಸಂಕೋಚ ಬೇಡ.

ಉಳಿಸುತ್ತೇವೆ ಎಂದು ಒಳಗೆ ಹೋದವರಿಗೂ ರಕ್ತಸ್ರಾವವಾದರೆ ತೆಗೆಯದೆ ವಿಧಿಯಿಲ್ಲ. ಹಾಗಾಗಿ ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜಾ ಬಿ) ಲಸಿಕೆಗಳನ್ನು ಆಪರೇಷನ್‌ಗೆ ಕನಿಷ್ಠ 2 ವಾರ ಮೊದಲೇ ಹಾಕಿಸಿ.

ಗುಲ್ಮ ಉಳಿದರೂ ಹೋದರೂ ಒಂದು ತೊಂದರೆ ತಪ್ಪಿದ್ದಲ್ಲ: ಕತ್ತರಿಸಿದ ಜಾಗದಿಂದ ಜೀರ್ಣರಸ ಸೋರುವ ಸಾಧ್ಯತೆ. 3ನೇ ದಿನ ಹೊಟ್ಟೆಯಲ್ಲಿಟ್ಟ ಡ್ರೈನ್ ಟ್ಯೂಬಿನಿಂದ ಬರುವ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಎಷ್ಟಿದೆ ಎಂದು ನೋಡುವುದು ಇದಕ್ಕೇ. ಸೋರಿಕೆ ನಿಲ್ಲದಿದ್ದರೆ ಟ್ಯೂಬಿನ ಸಮೇತ ಮನೆಗೆ ಕಳಿಸುವುದೂ ಉಂಟು. ಗಾಬರಿ ಬೇಡ, ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಜ್ವರ ಬಂದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಿ.