ಬೆನ್ನುಮೂಳೆ ಆಪರೇಷನ್‌ನಲ್ಲಿ ಗಾಯದ ಒಳಗೂ ಬೆಟಾಡಿನ್ ಹಾಕುತ್ತಾರಾ?

ಹೌದು, ಕೆಲವು ಸರ್ಜನ್‌ಗಳು ಹಾಕುತ್ತಾರೆ. ಆದರೆ ಮನೆಯ ಬಾಟಲಿಯಿಂದ ಸುಮ್ನೆ ಸುರಿದ ಹಾಗಲ್ಲ, ತುಂಬಾ ತೆಳು ಮಾಡಿ.

ತೈವಾನ್‌ನ ವೈದ್ಯರು 414 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನರ ಗಾಯವನ್ನು ಹೊಲಿಯುವ ಮೊದಲು 0.35% ಪೊವಿಡೋನ್ ಅಯೋಡಿನ್‌ನಲ್ಲಿ (ಬೆಟಾಡಿನ್‌ನಲ್ಲಿರುವ ಔಷಧಿ ಇದೇ) 3 ನಿಮಿಷ ನೆನೆಸಿಟ್ಟು, ಆಮೇಲೆ ಸಲೈನ್‌ನಿಂದ ಚೆನ್ನಾಗಿ ತೊಳೆದರು. ಉಳಿದವರಿಗೆ ಸಲೈನ್ ಮಾತ್ರ. ಅಯೋಡಿನ್ ಹಾಕಿದ 208 ಜನರಲ್ಲಿ ಒಬ್ಬರಿಗೂ ಸೋಂಕಾಗಲಿಲ್ಲ, ಹಾಕದ 206 ಜನರಲ್ಲಿ 7 ಮಂದಿಗೆ ಆಯಿತು. ಒಂದೇ ಅಧ್ಯಯನದಿಂದ ಎಲ್ಲ ತೀರ್ಮಾನವಾಗುವುದಿಲ್ಲ ನಿಜ, ಆದರೆ ಇಷ್ಟು ಅಗ್ಗದ ಉಪಾಯಕ್ಕೆ ಇದು ಒಳ್ಳೆಯ ಫಲಿತಾಂಶವೇ.

ತೆಳು ಮಾಡುವುದೇಕೆ? ಗಟ್ಟಿ ದ್ರಾವಣ ರೋಗಾಣುವಿನ ಜೊತೆಗೆ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತದೆ. ಸ್ಕ್ರೂ, ರಾಡ್ ಹಾಕಿದ ಕಡೆ ಸೋಂಕಾದರೆ ಕಷ್ಟ ಇನ್ನೂ ಜಾಸ್ತಿ. ಲೋಹದ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡು ಕೂರುತ್ತವೆ, ಆ್ಯಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ಇಳಿಯುವುದೇ ಇಲ್ಲ.

ಇನ್ನು ಆಪರೇಷನ್‌ಗೆ ಮೊದಲು ಚರ್ಮದ ಮೇಲೆ ಹಚ್ಚಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆಲ್ಕೋಹಾಲ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ರೋಗಾಣುನಾಶಕ. ಇದು ಚರ್ಮಕ್ಕೆ ಅಂಟಿಕೊಂಡು ತುಂಬಾ ಹೊತ್ತು ಕೆಲಸ ಮಾಡುತ್ತದೆ. ಆದರೆ ನರಗಳಿಗೆ ವಿಷ, ಹಾಗಾಗಿ ಬೆನ್ನುಹುರಿಯ ಹತ್ತಿರ ಹೋಗಬಾರದು. ಹಚ್ಚಿದ್ದು ಪೂರ್ತಿ ಒಣಗುವವರೆಗೆ ಕಾಯಲೇಬೇಕು. ಒದ್ದೆ ಇದ್ದರೆ ರಕ್ತಸ್ರಾವ ನಿಲ್ಲಿಸುವ ಕರೆಂಟಿನ ಉಪಕರಣದ ಕಿಡಿಗೆ ಆಲ್ಕೋಹಾಲ್ ಹೊತ್ತಿಕೊಳ್ಳಬಹುದು.