ಕ್ರೂರ ಅಧಿಕಾರಿಯೊಬ್ಬನಷ್ಟೇ ಕಾರಣನಲ್ಲ

ಆತ್ಮೀಯರೇ,

1976ರ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನೆಲೆಸಿದ, ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಕುಟುಂಬವೊಂದನ್ನು ಕುರಿತು ನೀವು ಹದಿಹರೆಯದವರಿಗಾಗಿ ಬರೆದ ಕಾದಂಬರಿಯನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ಕೈಬಿಡಲು ಮನಸ್ಸೊಪ್ಪದ ಕಾರಣ ವಿವರವಾಗಿ ಬರೆಯುತ್ತಿದ್ದೇನೆ.

ನಸುಕಿನಲ್ಲಿ ಪೊಲೀಸರು ಬಾಗಿಲು ಬಡಿದು, ಮಲಗಿದ್ದವರನ್ನೆಬ್ಬಿಸಿ ಪಾಸ್‌ಪೋರ್ಟ್ ಕೇಳುವ ಅಧ್ಯಾಯ ನಿಮ್ಮ ಶಕ್ತಿಯನ್ನು ತೋರಿಸುತ್ತದೆ. ತೊಡಕಿರುವುದು ಆಮೇಲೆ. ಅನ್ಯಾಯವೆಲ್ಲ ಒಬ್ಬ ಅಧಿಕಾರಿಯ ಕ್ರೌರ್ಯದಿಂದ ಹುಟ್ಟಿ, ಅವನ ವರ್ಗಾವಣೆಯೊಡನೆ ಮುಗಿದುಹೋಗುತ್ತದೆ. ಇತಿಹಾಸ ಹಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಕೆಲಸಗಾರರು ಸಾಲದಾದಾಗ ನ್ಯೂಜಿಲೆಂಡ್ ಪೆಸಿಫಿಕ್ ದ್ವೀಪಗಳ ಜನರನ್ನು ಬರಮಾಡಿಕೊಂಡಿತು, ವಾಸದ ಪರವಾನಗಿಯ ಅವಧಿ ಮೀರಿ ಉಳಿದವರನ್ನು ಕಂಡೂ ಕಾಣದಂತಿತ್ತು. 1973ರ ತೈಲ ಬಿಕ್ಕಟ್ಟಿನ ಬಳಿಕ ಕೆಲಸಗಳು ಕುಗ್ಗುತ್ತಲೇ ಅದೇ ಜನ ಹೊರೆಯೆನಿಸಿದರು. ಅಂಥವರನ್ನು ಹಿಡಿಯಲು ಮನೆಗಳ ಮೇಲೆ ನಸುಕಿನ ದಾಳಿಗಳು 1974ರಲ್ಲಿ, ಲೇಬರ್ ಪಕ್ಷದ ಸರ್ಕಾರದ ಕಾಲದಲ್ಲೇ ಆರಂಭವಾದವು. 1975ರ ಚುನಾವಣೆಯಲ್ಲಿ ವಲಸಿಗರ ಬಗ್ಗೆ ಭಯ ಬಿತ್ತುವ ಟಿವಿ ಜಾಹೀರಾತು ತೋರಿಸಿ ಗೆದ್ದ ರಾಬರ್ಟ್ ಮಲ್ಡೂನರ ನ್ಯಾಷನಲ್ ಪಕ್ಷ ಅವನ್ನು ಮುಂದುವರಿಸಿತು. ಅವಧಿ ಮೀರಿ ಉಳಿದವರಲ್ಲಿ ಬ್ರಿಟನ್, ಅಮೆರಿಕದವರೂ ಬಹಳ ಮಂದಿ ಇದ್ದರೂ ಕಾನೂನಿನ ಬಿಸಿ ತಟ್ಟಿದ್ದು ಮುಖ್ಯವಾಗಿ ದ್ವೀಪವಾಸಿಗಳಿಗೆ. ಇದನ್ನು ಹದಿಮೂರರ ಓದುಗರು ಖಂಡಿತ ಗ್ರಹಿಸಬಲ್ಲರು. ಹೆಚ್ಚುವರಿ ಪಾಳಿಗೆ ಬಾರೆಂದು ತಂದೆಯನ್ನು ಬೇಡಿಕೊಳ್ಳುತ್ತಿದ್ದ ಮೇಸ್ತ್ರಿಯೇ ಮುಂದೆ ಅವನ ಗುರುತಿಲ್ಲದಂತೆ ನಡೆದುಕೊಳ್ಳುವ ಒಂದು ದೃಶ್ಯ ಸಾಕು, ಭಾಷಣ ಬೇಡ.

ನೆರೆಮನೆಯಲ್ಲಿರುವ, ಪೆಸಿಫಿಕ್‌ನ ನಿಯುವೆ ದ್ವೀಪದ ಕುಟುಂಬವನ್ನು ನೀವು ಗಡಿಪಾರು ಮಾಡಿಸಿರುವುದು ತಪ್ಪು. ನಿಯುವೆ, ಕುಕ್ ದ್ವೀಪಗಳು ಮತ್ತು ಟೊಕೆಲಾವಿನವರು ನ್ಯೂಜಿಲೆಂಡಿನ ಪ್ರಜೆಗಳೇ ಆಗಿದ್ದರು. ಆದರೂ 1976ರ ಅಕ್ಟೋಬರಿನಲ್ಲಿ ಪೊಲೀಸರು ಬೀದಿಯಲ್ಲಿ ಜನರನ್ನು ತಡೆದು ದಾಖಲೆ ಕೇಳತೊಡಗಿದಾಗ ಅಂಥವರನ್ನೂ, ಆ ನೆಲದ ಮೂಲನಿವಾಸಿಗಳಾದ ಮಾವೋರಿಗಳನ್ನೂ ಬಿಡಲಿಲ್ಲ. ಆ ಮನೆಯ ಹುಡುಗಿ ಶಾಲೆಯಿಂದ ಮರಳುವಾಗ ತಾನು ಈ ದೇಶದವಳೆಂದು ರುಜುವಾತು ಮಾಡಬೇಕಾಗಿ ಬಂದರೆ, ಆ ಅವಮಾನ ನಿಮ್ಮ ಗಡಿಪಾರಿನ ಪ್ರಸಂಗಕ್ಕಿಂತ ಆಳಕ್ಕಿಳಿಯುತ್ತದೆ.

ಕರುಣಾಳು ಬಿಳಿಯ ಶಿಕ್ಷಕಿ ಬಂದು ಎಲ್ಲರನ್ನೂ ಕಾಪಾಡುವ ಮುಕ್ತಾಯವನ್ನು ನಾನು ಒಪ್ಪಲಾರೆ. ಆಕ್ಲೆಂಡಿನ ಪಾನ್ಸನ್‌ಬಿ ಬಡಾವಣೆಯ ದ್ವೀಪ ಮೂಲದ ಯುವಕ ಯುವತಿಯರು 1971ರಲ್ಲೇ ಪಾಲಿನೇಷಿಯನ್ ಪ್ಯಾಂಥರ್ಸ್ ಸಂಘಟನೆ ಕಟ್ಟಿ, ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು, ಕಾನೂನಿನ ಹಕ್ಕುಗಳನ್ನು ತಿಳಿಸುವ ಕಿರುಹೊತ್ತಗೆಯನ್ನು ಹಂಚಿದ್ದರು. ಮಂತ್ರಿಗಳ ಮನೆ ಮುಂದೆ ನಸುಕಿನಲ್ಲೇ ಧ್ವನಿವರ್ಧಕ ಹಿಡಿದು ನಿಂತು, ಪಾಸ್‌ಪೋರ್ಟ್ ತೋರಿಸಿರೆಂದು ಕೂಗಿದ್ದರು. ನಿಮ್ಮ ನಾಯಕಿಗೆ ಹದಿನಾರು ವರ್ಷ. ಅವಳ ಅಣ್ಣನ ಗೆಳೆಯರಲ್ಲೇ ಇಂಥವರು ಇದ್ದಿರಬಹುದಲ್ಲವೇ? ಅವಳನ್ನು ಅವರ ನಡುವೆ ನಿಲ್ಲಿಸಿ ಕೊನೆಯ ಭಾಗವನ್ನು ಹೊಸದಾಗಿ ಬರೆದು ಕಳಿಸಿ. ನಾನೇ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ